ನಿಸರ್ಗದಲ್ಲಿ, ರಾಜ್ಯದಲ್ಲಿ, ಕಲೆಯಲ್ಲಿ ಚಲನೆ

ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಚಲನೆಯ ನಿಯಮಗಳನ್ನು ಆರಂಭಿಸುವ ದಿನ ನಾವು ಮೇಜಿನ ಮೇಲೆ ಒಂದು ಪುಸ್ತಕವನ್ನಿಟ್ಟು, “ಇದು ಏಕೆ ಅಲ್ಲಿಯೇ ಇದೆ?” ಎಂದು ಕೇಳುವುದು ವಾಡಿಕೆ. ವಿದ್ಯಾರ್ಥಿಗಳು ನಗುತ್ತಾರೆ. ಇದೂ ಒಂದು ಪ್ರಶ್ನೆಯೆ? ಯಾರೂ ಅದನ್ನು ತಳ್ಳಲಿಲ್ಲ, ಆದುದರಿಂದ ಅದು ಅಲ್ಲಿದೆ. ಬಳಿಕ ಒಂದು ಗೋಲಿಯನ್ನು ನೆಲದ ಮೇಲೆ ಉರುಳಬಿಟ್ಟು, ಅದು ಸ್ವಲ್ಪ ದೂರ ಹೋಗಿ ನಿಂತ ಮೇಲೆ, “ಇದು ಏಕೆ ನಿಂತಿತು?” ಎಂದು ಕೇಳುತ್ತೇವೆ. “ಕೊಟ್ಟ ಬಲ ತೀರಿತು, ನಿಂತಿತು” ಎಂಬ ಉತ್ತರ ಹಿಂದಿನ ಬೆಂಚಿನಿಂದ ಬರುತ್ತದೆ, ಉಳಿದವರು ತಲೆಯಾಡಿಸುತ್ತಾರೆ. ಇವರೆಲ್ಲರೂ ನ್ಯೂಟನ್ನನ ಮೊದಲನೆಯ ನಿಯಮವನ್ನು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಬಂದವರೇ. ಆದರೂ ಅವರ ಬಾಯಿಂದ ಹೊರಟ ಉತ್ತರ ನ್ಯೂಟನ್ನನದಲ್ಲ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಸಿನಲ್ಲಿದ್ದ ಅರಿಸ್ಟಾಟಲನದು.

ಇದನ್ನು ನಾವು ವಿದ್ಯಾರ್ಥಿಗಳ ಮೇಲಿನ ದೂರಾಗಿ ಹೇಳುತ್ತಿಲ್ಲ. ನಿಂತಿರುವುದಕ್ಕೆ ಕಾರಣ ಬೇಕಿಲ್ಲ, ಚಲಿಸುವುದಕ್ಕೆ ಮಾತ್ರ ಕಾರಣ ಬೇಕು ಎಂಬ ನಂಬಿಕೆ ನಮ್ಮೆಲ್ಲರ ಮನಸ್ಸಿನ ತಳದಲ್ಲಿಯೂ ಇದೆ. ಅದು ಗೋಲಿಯೊಡನೆ ಮುಗಿಯುವುದೂ ಇಲ್ಲ. ಒಂದೂರಿನಲ್ಲಿ ನೆಲಸಿದವನನ್ನು “ನೀನು ಇಲ್ಲೇಕೆ ಇದ್ದೀಯೆ?” ಎಂದು ಯಾರೂ ಕೇಳುವುದಿಲ್ಲ, ಊರೂರು ಅಲೆಯುವವನು ಎದುರಾದರೆ ಮೊದಲು ಹುಟ್ಟುವುದೇ ಆ ಪ್ರಶ್ನೆ. ಓಡುವ ಕುದುರೆಯ ಚಿತ್ರವನ್ನು ಕಂಡಾಗಲೂ, ನಿಂತ ಕುದುರೆಯೇ ನಿಜವಾದ ಕುದುರೆ, ಓಟ ಅದಕ್ಕೆ ಆಮೇಲೆ ಸೇರಿದ ಗುಣ ಎಂದು ಭಾವಿಸುತ್ತೇವೆ. ಭೌತವಿಜ್ಞಾನವು ಹದಿನೇಳನೆಯ ಶತಮಾನದಲ್ಲಿ ಈ ನಂಬಿಕೆಯನ್ನು ತನ್ನ ಕ್ಷೇತ್ರದಿಂದ ಹೊರಹಾಕಿತು. ಹಾಗೆ ಹೊರಹಾಕಿದ್ದರ ಪರಿಣಾಮ ರಾಜ್ಯಶಾಸ್ತ್ರದಲ್ಲಿ ಏನಾಯಿತು, ಕಲೆಯಲ್ಲಿ ಏನಾಯಿತು, ಈ ಅನ್ವಯ ಎಲ್ಲಿಯವರೆಗೆ ಸರಿ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಗೋಲಿಯ ಪಾಠ

ಅರಿಸ್ಟಾಟಲನ ಮತದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಸಹಜ ಸ್ಥಾನವುಂಟು. ಕಲ್ಲಿಗೆ ಕೆಳಗು, ಬೆಂಕಿಗೆ ಮೇಲು. ತನ್ನ ಸ್ಥಾನವನ್ನು ಸೇರಿದ ವಸ್ತು ಅಲ್ಲಿ ನೆಮ್ಮದಿಯಾಗಿರುತ್ತದೆ. ಅದನ್ನು ಅಲ್ಲಿಂದ ಕದಲಿಸಬೇಕಾದರೆ ಹೊರಗಿನ ಬಲಾತ್ಕಾರ ಬೇಕು. ಬಲಾತ್ಕಾರ ನಿಂತೊಡನೆ ಚಲನೆಯೂ ನಿಲ್ಲುತ್ತದೆ. ಎತ್ತಿನ ಗಾಡಿಯನ್ನು ನೋಡಿದವರಿಗೆ ಇದು ಸತ್ಯವೆಂದೇ ತೋರುತ್ತದೆ. ಹಾಗಾದರೆ ಬಿಲ್ಲನ್ನು ಬಿಟ್ಟ ಬಾಣ ಏಕೆ ಮುಂದೆ ಹೋಗುತ್ತದೆ? ಅದನ್ನು ಗಾಳಿ ಹಿಂದಿನಿಂದ ನೂಕುತ್ತದೆಯೆಂದು ಅರಿಸ್ಟಾಟಲನು ಸಮಾಧಾನ ಹೇಳಿದ. ಆ ಸಮಾಧಾನ ಹಿಂದಿನವರಿಗೂ ಒಪ್ಪಿಗೆಯಾಗಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸಿನ ಬುರಿಡಾನನು, ಎಸೆದವನು ವಸ್ತುವಿನೊಳಗೆ ಒಂದು ವೇಗಶಕ್ತಿಯನ್ನು ತುಂಬುತ್ತಾನೆಂದು ವಾದಿಸಿದ.

ಪೂರ್ಣ ಬದಲಾವಣೆಗೆ ದಾರಿ ಮಾಡಿದವನು ಗೆಲಿಲಿಯೊ. 1632ರಲ್ಲಿ ಪ್ರಕಟವಾದ ತನ್ನ ಸಂವಾದ ಗ್ರಂಥದಲ್ಲಿ ಅವನು ಓದುಗನನ್ನು ಒಂದು ಹಡಗಿನ ಒಳಕೋಣೆಗೆ ಕರೆದೊಯ್ಯುತ್ತಾನೆ. ಕಿಟಕಿಗಳು ಮುಚ್ಚಿವೆ. ಒಳಗೆ ಚಿಟ್ಟೆಗಳು ಹಾರಾಡುತ್ತಿವೆ, ತೂಗುಹಾಕಿದ ಪಾತ್ರೆಯಿಂದ ಹನಿಹನಿಯಾಗಿ ನೀರು ಕೆಳಗಿನ ಪಾತ್ರೆಗೆ ಬೀಳುತ್ತಿದೆ. ಹಡಗು ದಡದಲ್ಲಿ ನಿಂತಿರಲಿ, ಒಂದೇ ವೇಗದಲ್ಲಿ ಕುಲುಕದೆ ಸಾಗುತ್ತಿರಲಿ, ಒಳಗಿನವನಿಗೆ ಯಾವ ಭೇದವೂ ಕಾಣದು. ಚಿಟ್ಟೆಗಳು ಹಿಂದಿನ ಗೋಡೆಗೆ ಹೋಗಿ ಅಂಟಿಕೊಳ್ಳುವುದಿಲ್ಲ. ಹನಿಗಳು ಪಾತ್ರೆಯನ್ನು ತಪ್ಪುವುದಿಲ್ಲ. ಇದರ ಅರ್ಥವೇನು? ನಿಶ್ಚಲತೆಯೂ ಏಕರೂಪವಾದ ಚಲನೆಯೂ ಎರಡು ಬೇರೆ ಜಾತಿಯ ಸ್ಥಿತಿಗಳಲ್ಲ. ಯಾವುದಕ್ಕೆ ಹೋಲಿಸಿ ನೋಡುತ್ತೇವೆ ಎಂಬುದರ ಮೇಲೆ ಒಂದನ್ನೇ ನಾವು ಎರಡು ಹೆಸರಿನಿಂದ ಕರೆಯುತ್ತೇವೆ. ಡೇಕಾರ್ಟನು ಈ ವಿಚಾರವನ್ನು ಸರಳರೇಖೆಯ ಚಲನೆಗೆ ಹೊಂದಿಸಿ ಹೇಳಿದ. ನ್ಯೂಟನ್ 1687ರಲ್ಲಿ ಅದನ್ನು ತನ್ನ ಮೊದಲನೆಯ ನಿಯಮವಾಗಿ ಸ್ಥಾಪಿಸಿದ. ಅಂದಿನಿಂದ ಪ್ರಶ್ನೆಯೇ ತಿರುಗಿಬಿಟ್ಟಿತು. ಗೋಲಿ ಏಕೆ ಉರುಳಿತು ಎಂದಲ್ಲ, ಉರುಳುತ್ತಲೇ ಇರಬೇಕಾಗಿದ್ದ ಗೋಲಿಯನ್ನು ನಿಲ್ಲಿಸಿದವರು ಯಾರು ಎಂದು ಕೇಳಬೇಕು. ಉತ್ತರ: ನೆಲದ ಘರ್ಷಣೆ.

ಈ ಲೇಖನವನ್ನು ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕುಳಿತು ಓದುತ್ತಿರುವವರು ಭೂಮಿಯ ಆವರ್ತನದಿಂದಾಗಿ ಗಂಟೆಗೆ ಸುಮಾರು 1,630 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದ್ದಾರೆ. ಭೂಮಿಯೊಡನೆ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಸಾಗುತ್ತಿದ್ದಾರೆ. ಅವರ ಕಾಲಿನಡಿಯ ಭಾರತದ ಭೂಫಲಕವೇ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಜರುಗುತ್ತ ಏಷ್ಯವನ್ನು ಒತ್ತುತ್ತಿದೆ. ಹಿಮಾಲಯ ಆ ಒತ್ತುವಿಕೆಯ ಫಲ. ಬೆಟ್ಟವನ್ನು ‘ಅಚಲ’ ಎಂದು ಕರೆದ ನಮ್ಮ ಭಾಷೆಗೆ ಇದು ತಿಳಿದಿರಲಿಲ್ಲ. ಆದರೆ ಅದೇ ಭಾಷೆ ಲೋಕವನ್ನು ‘ಜಗತ್’ ಎಂದೂ ಕರೆಯಿತು. ಆ ಶಬ್ದ ಬಂದಿರುವುದು ಹೋಗುವುದೆಂಬ ಅರ್ಥದ ಧಾತುವಿನಿಂದ, ಜಗತ್ತೆಂದರೆ ಚಲಿಸುವಂಥದು.

ನಿಂತಿರುವುದರ ಒಳಗೆ

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಭೂಮಿಯೊಡನೆ ಸಾಗುವುದು ಇರಲಿ, ಕುರ್ಚಿಯಂತೂ ಕೋಣೆಯಲ್ಲಿ ನಿಂತಿದೆಯಲ್ಲ? ಅದರ ಒಳಗೆ ಹೊಕ್ಕು ನೋಡೋಣ. ಕೋಣೆಯ ಗಾಳಿಯಲ್ಲಿನ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಅಡ್ಡಾದಿಡ್ಡಿಯಾಗಿ ಓಡುತ್ತ ಒಂದನ್ನೊಂದು ಡಿಕ್ಕಿ ಹೊಡೆಯುತ್ತಿವೆ. ಕುರ್ಚಿಯ ಪರಮಾಣುಗಳು ತಮ್ಮ ತಮ್ಮ ನೆಲೆಯ ಸುತ್ತ ಸೆಕೆಂಡಿಗೆ ಹತ್ತು ಲಕ್ಷ ಕೋಟಿಯಷ್ಟು ಸಲ ಕಂಪಿಸುತ್ತಿವೆ. ಇದು ಬರಿಯ ಊಹೆಯಲ್ಲ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಪರಾಗದೊಳಗಿನ ಸೂಕ್ಷ್ಮ ಕಣಗಳು ನೀರಿನಲ್ಲಿ ಎಡೆಬಿಡದೆ ತತ್ತರಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ನೀರಿನ ಅಣುಗಳ ತಾಡನವೇ ಕಾರಣವೆಂದು ಲೆಕ್ಕ ಹಾಕಿ ತೋರಿಸಿದ. ಪೆರಾನ್ ಎಂಬ ಫ್ರೆಂಚ್ ವಿಜ್ಞಾನಿ ಆ ಲೆಕ್ಕವನ್ನು ಪ್ರಯೋಗದಿಂದ ಸಮರ್ಥಿಸಿದ ಮೇಲೆ ಅಣುಗಳ ಅಸ್ತಿತ್ವದಲ್ಲಿ ಸಂಶಯಕ್ಕೆ ಎಡೆಯುಳಿಯಲಿಲ್ಲ.

ವಸ್ತುವನ್ನು ತಣಿಸುತ್ತ ಹೋದರೆ ಈ ಕುಣಿತ ನಿಲ್ಲಬೇಕಲ್ಲ? ಕಡಿಮೆಯಾಗುತ್ತದೆ, ಪೂರ್ಣವಾಗಿ ನಿಲ್ಲುವುದಿಲ್ಲ. ಹೀಲಿಯಮನ್ನು ಸೊನ್ನೆಯ ಕೆಳಗೆ 273 ಡಿಗ್ರಿಯ ನಿರಪೇಕ್ಷ ಶೂನ್ಯದ ಅಂಚಿಗೆ ಕೊಂಡೊಯ್ದರೂ ಸಾಮಾನ್ಯ ಒತ್ತಡದಲ್ಲಿ ಅದು ಹೆಪ್ಪುಗಟ್ಟುವುದಿಲ್ಲ, ದ್ರವವಾಗಿಯೇ ಉಳಿಯುತ್ತದೆ. ಅದರ ಪರಮಾಣುಗಳಲ್ಲಿ ಯಾವ ತಣಿವಿನಿಂದಲೂ ತೆಗೆಯಲಾಗದ ಒಂದು ಕನಿಷ್ಠ ಚಲನೆ ಇದೆ. ಅದನ್ನು ಘನವಾಗಿಸಬೇಕಾದರೆ ವಾಯುಮಂಡಲದ ಇಪ್ಪತ್ತೈದರಷ್ಟು ಒತ್ತಡ ಹೇರಬೇಕು. ನಿಶ್ಚಲತೆಯನ್ನು ಹುಡುಕಿಕೊಂಡು ನಿಸರ್ಗದ ತಳದವರೆಗೆ ಹೋದವರಿಗೆ ಅಲ್ಲಿಯೂ ಅದು ಸಿಕ್ಕಲಿಲ್ಲ.

ಹಾಗಾದರೆ ನಾವು ‘ಸ್ಥಿರ’ ಎನ್ನುವುದು ಯಾವುದನ್ನು? ಒಂದು ಸಣ್ಣ ಉದಾಹರಣೆ ಸಾಕು. ಅರ್ಧ ನೀರು ತುಂಬಿದ ಸೀಸೆಗೆ ಬಿರಡೆ ಹಾಕಿ ಮೂಲೆಯಲ್ಲಿಡಿ. ಒಂದು ತಿಂಗಳ ಮೇಲೆ ನೋಡಿದರೂ ನೀರಿನ ಮಟ್ಟ ಇದ್ದಂತೆಯೇ ಇರುತ್ತದೆ. ಒಳಗೆ ಏನೂ ನಡೆಯಲಿಲ್ಲವೆಂದು ಹೇಳೋಣವೆ? ನಿಜಸಂಗತಿ ಬೇರೆ. ಪ್ರತಿಕ್ಷಣವೂ ಅಸಂಖ್ಯಾತ ಅಣುಗಳು ನೀರನ್ನು ಬಿಟ್ಟು ಆವಿಯಾಗುತ್ತಿವೆ, ಅಷ್ಟೇ ಅಣುಗಳು ಆವಿಯಿಂದ ನೀರಿಗೆ ಮರಳುತ್ತಿವೆ. ಹೋಗುವ ಪ್ರವಾಹವೂ ಬರುವ ಪ್ರವಾಹವೂ ಸಮವಾಗಿರುವುದರಿಂದ ಮಟ್ಟ ಕದಲದು. ಒಂದೇ ಗಾಜಿನ ಮುಚ್ಚಳದಡಿ ಒಂದು ಬಟ್ಟಲಲ್ಲಿ ಸಾಮಾನ್ಯ ಜಲವನ್ನೂ ಇನ್ನೊಂದರಲ್ಲಿ ಭಾರಜಲವನ್ನೂ ಇಟ್ಟರೆ, ಕಾಲಕ್ರಮದಲ್ಲಿ ಭಾರಜಲ ಎರಡರಲ್ಲಿಯೂ ಕಂಡುಬರುತ್ತದೆ. ನಿಂತ ನೀರಿನೊಳಗಿನ ಗುಟ್ಟಾದ ಸಂಚಾರ ಹೀಗೆ ಬಯಲಾಗುತ್ತದೆ. ದೀಪದ ಕುಡಿ, ಹೊಳೆಯ ಸುಳಿ, ನಮ್ಮ ದೇಹ ಎಲ್ಲವೂ ಇದೇ ಬಗೆಯವು. ನಮ್ಮ ರಕ್ತದ ಒಂದು ಕೆಂಪುಕಣದ ಆಯುಸ್ಸು ಸುಮಾರು 120 ದಿನ. ನಾಲ್ಕು ತಿಂಗಳ ಹಿಂದೆ ಇದ್ದ ಕೆಂಪುಕಣಗಳಲ್ಲಿ ಬಹುಪಾಲು ಇಂದು ಇಲ್ಲ, ಆದರೂ ನಾವು ಅದೇ ನಾವು. ದ್ರವ್ಯ ಹರಿದುಹೋಗುತ್ತದೆ, ಆಕಾರ ಉಳಿಯುತ್ತದೆ. ಬುಗುರಿ ನೆಟ್ಟಗೆ ನಿಲ್ಲುವುದು ಅದು ತಿರುಗುತ್ತಿರುವಷ್ಟು ಹೊತ್ತು ಮಾತ್ರ ಎಂಬುದನ್ನು ಮಕ್ಕಳೂ ಬಲ್ಲರು.

ಚಲನೆಯ ತತ್ತ್ವವೆಂದು ನಾವು ಕರೆಯುವುದು ಇದನ್ನೇ: ಸ್ಥಿರತೆಯು ಚಲನೆಯ ಅಭಾವವಲ್ಲ, ಅದು ಚಲನೆಯ ಒಂದು ವ್ಯವಸ್ಥೆ, ಆದುದರಿಂದ ಚಲನೆಗೆ ಕೇಳುವಂತೆ ಸ್ಥಿರತೆಗೂ ಕಾರಣವನ್ನು ಕೇಳಬೇಕು. ಇದನ್ನು ಹೋಲುವ ಚಿಂತನೆ ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ಕವಿ ಲುಕ್ರೀಶಿಯಸ್, ಬಿಸಿಲಕೋಲಿನಲ್ಲಿ ಕುಣಿಯುವ ಧೂಳನ್ನು ತೋರಿಸಿ ಕಾಣದ ಪರಮಾಣುಗಳ ಓಟವನ್ನು ವರ್ಣಿಸಿದ. ನಮ್ಮ ವೈಶೇಷಿಕ ದರ್ಶನವು ಚಲನೆಯನ್ನು ‘ಕರ್ಮ’ವೆಂಬ ಪ್ರತ್ಯೇಕ ಪದಾರ್ಥವಾಗಿ ಎಣಿಸಿ ಅದರಲ್ಲಿ ಐದು ಭೇದಗಳನ್ನು ಹೇಳಿತು. ಹನ್ನೆರಡನೆಯ ಶತಮಾನದ ಶರಣರು ಸ್ಥಾವರ, ಜಂಗಮವೆಂಬ ಎರಡು ಶಬ್ದಗಳನ್ನು ಎದುರುಬದುರಾಗಿ ನಿಲ್ಲಿಸಿ, ಚಲಿಸುವುದಕ್ಕೆ ಮೇಲಿನ ಬೆಲೆ ಕೊಟ್ಟರು. ಅವರ ಉದ್ದೇಶ ಭೌತವಿಜ್ಞಾನವಲ್ಲ, ಅಧ್ಯಾತ್ಮ ಮತ್ತು ಸಮಾಜ. ಇಂದಿನ ವಿಜ್ಞಾನವನ್ನು ಅವರ ಮಾತಿನಲ್ಲಿ ಹುಡುಕುವುದು ಸಲ್ಲದು. ಆದರೆ ಚಲನೆಯನ್ನು ಕುರಿತ ವಿಚಾರ ಸಮಾಜದ ವಿಚಾರವಾಗಿ ಪರಿಣಮಿಸುವುದು ಹೊಸದಲ್ಲವೆಂಬುದಕ್ಕೆ ಅವರೇ ಸಾಕ್ಷಿ.

ರಾಜ್ಯದಲ್ಲಿ

ಗೆಲಿಲಿಯೊ ತನ್ನ ಕೊನೆಯ ವರ್ಷಗಳಲ್ಲಿ ಫ್ಲಾರೆನ್ಸಿನ ಬಳಿ ಗೃಹಬಂಧನದಲ್ಲಿದ್ದ. ಭೂಮಿ ಚಲಿಸುತ್ತದೆಂದು ವಾದಿಸಿದವನಿಗೆ ಅಧಿಕಾರಿಗಳು ವಿಧಿಸಿದ ಶಿಕ್ಷೆ ಚಲಿಸಕೂಡದೆಂಬುದು! 1636ರ ಸುಮಾರಿಗೆ ಅವನನ್ನು ಕಾಣಲು ಬಂದವರಲ್ಲಿ ಥಾಮಸ್ ಹಾಬ್ಸ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿಯೂ ಒಬ್ಬ. ಹೊಸ ಚಲನಶಾಸ್ತ್ರದಿಂದ ಹಾಬ್ಸನು ಎಷ್ಟು ಪ್ರಭಾವಿತನಾದನೆಂದರೆ, ಮನುಷ್ಯನನ್ನೂ ರಾಜ್ಯವನ್ನೂ ಅದರಿಂದಲೇ ವಿವರಿಸಲು ಹೊರಟ. 1651ರಲ್ಲಿ ಪ್ರಕಟವಾದ ‘ಲೆವಯಥನ್’ ಗ್ರಂಥದಲ್ಲಿ ಅವನ ವಾದ ಹೀಗಿದೆ. ಜೀವನವೆಂದರೆ ಅವಯವಗಳ ಚಲನೆ. ಆಸೆಯೆಂದರೆ ಒಂದು ವಸ್ತುವಿನ ಕಡೆಗೆ ಆರಂಭವಾಗುವ ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆ. ದ್ವೇಷವೆಂದರೆ ಅದರಿಂದ ಹಿಂದೆ ಸರಿಯುವ ಚಲನೆ. ಬದುಕಿರುವವರೆಗೆ ಮನುಷ್ಯನಿಗೆ ಆಸೆಯಿಂದ ಬಿಡುವಿಲ್ಲ. ಸ್ವಾತಂತ್ರ್ಯವೆಂದರೆ ಚಲನೆಗೆ ಹೊರಗಿನ ಅಡ್ಡಿಯಿಲ್ಲದಿರುವುದು; ಕಾಲುವೆಯಲ್ಲಿ ಇಳಿಯುವ ನೀರಿಗೂ ಈ ಅರ್ಥದಲ್ಲಿ ಸ್ವಾತಂತ್ರ್ಯವುಂಟು.

ಇದು ಜಾಣತನದ ವಾದ. ಆದರೆ ಹಾಬ್ಸನು ಇದರಿಂದ ತೆಗೆದ ತೀರ್ಮಾನವನ್ನು ಗಮನಿಸಬೇಕು. ಎಲ್ಲರೂ ಹೀಗೆ ಎಡೆಬಿಡದೆ ಚಲಿಸಿ ಒಬ್ಬರನ್ನೊಬ್ಬರು ಡಿಕ್ಕಿ ಹೊಡೆಯುವುದರಿಂದ, ಅವರನ್ನು ಅಂಕೆಯಲ್ಲಿಡಲು ಪ್ರಶ್ನಾತೀತನಾದ ಪ್ರಭು ಬೇಕೆಂದು ಅವನು ಹೇಳಿದ. ಗೆಲಿಲಿಯೊವಿನ ಹಡಗಿನಿಂದ ಹೊರಟು ನಿರಂಕುಶ ರಾಜನಲ್ಲಿಗೆ ಬಂದು ಮುಟ್ಟಿದ. ಅದೇ ಹಡಗಿನಿಂದ ಹೊರಟು ಪ್ರಜೆಯ ಸಂಚಾರಸ್ವಾತಂತ್ರ್ಯಕ್ಕೂ ಬರಬಹುದಾಗಿತ್ತು. ಭೌತವಿಜ್ಞಾನ ರಾಜ್ಯಶಾಸ್ತ್ರಕ್ಕೆ ತೀರ್ಮಾನಗಳನ್ನು ಕೊಡಲಾರದು. ಕೇಳದೆ ಬಿಟ್ಟಿದ್ದ ಪ್ರಶ್ನೆಗಳನ್ನು ಮಾತ್ರ ಕೊಡಬಲ್ಲದು.

ಆ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಉದಾಹರಣೆ ಇದೆ. 1871ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಅದರ ಪ್ರಕಾರ ಸರ್ಕಾರವು ಒಂದು ಇಡೀ ಸಮುದಾಯವನ್ನೇ ಅಪರಾಧಿಗಳೆಂದು ಘೋಷಿಸಬಹುದಾಗಿತ್ತು. ಆ ಸಮುದಾಯದಲ್ಲಿ ಹುಟ್ಟಿದವನು ತನ್ನ ಹೆಸರನ್ನು ಪೊಲೀಸರಲ್ಲಿ ನೋಂದಾಯಿಸಬೇಕು, ಕರೆದಾಗ ಹಾಜರಿ ಕೊಡಬೇಕು, ಅನುಮತಿಯಿಲ್ಲದೆ ಊರು ಬಿಡಬಾರದು. ಪಟ್ಟಿಯಲ್ಲಿದ್ದವರೆಲ್ಲರೂ ಅಲೆಮಾರಿಗಳಲ್ಲ, ಆದರೆ ಅಲೆಮಾರಿಗಳು ಅನೇಕರಿದ್ದರು. ರೈಲು ಬರುವ ಮೊದಲು ಎತ್ತುಗಳ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು ದೇಶವನ್ನೆಲ್ಲ ಸುತ್ತಿ ಊರೂರಿಗೆ ಒದಗಿಸುತ್ತಿದ್ದವರೂ ಅವರಲ್ಲಿದ್ದರು. 1911ರಲ್ಲಿ ಕಾಯಿದೆಯನ್ನು ವಿಸ್ತರಿಸಿದ ಮೇಲೆ ಹುಬ್ಬಳ್ಳಿ, ವಿಜಯಪುರಗಳಲ್ಲಿಯೂ ಇಂಥವರನ್ನು ನೆಲೆಗೊಳಿಸುವ ಬೇಲಿಯ ವಸತಿಗಳು ಎದ್ದವು. ನೆಲಸಿದವನು ಪ್ರಜೆ, ಸಂಚರಿಸುವವನು ಸಂಶಯಾಸ್ಪದ ಎಂಬ ಭಾವನೆ ಶಾಸನದ ರೂಪ ತಾಳಿದ್ದು ಹೀಗೆ. 1952ರಲ್ಲಿ ಆ ಕಾಯಿದೆ ರದ್ದಾಯಿತು. ಆದರೆ ಹಳೆಯ ಹಣೆಪಟ್ಟಿಯ ನೋವು ಆ ಕುಟುಂಬಗಳನ್ನು ಆ ಬಳಿಕವೂ ಬಿಡಲಿಲ್ಲ. ಬೆಂಚಿನ ಹುಡುಗ ಗೋಲಿಯ ವಿಷಯದಲ್ಲಿ ಮಾಡಿದ ತಪ್ಪಿನಿಂದ ಯಾರಿಗೂ ಕೇಡಿಲ್ಲ. ಅದೇ ತಪ್ಪನ್ನು ರಾಜ್ಯ ಮಾಡಿದಾಗ ತಲೆಮಾರುಗಳು ಬೆಲೆ ತೆರುತ್ತವೆ.

ನಮ್ಮ ಸಂವಿಧಾನದ 19ನೆಯ ಅನುಚ್ಛೇದ ಪ್ರಜೆಗೆ ಭಾರತದಾದ್ಯಂತ ಸಂಚರಿಸುವ ಹಕ್ಕನ್ನೂ ಎಲ್ಲಿಯಾದರೂ ನೆಲಸುವ ಹಕ್ಕನ್ನೂ ಕೊಟ್ಟಿದೆ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 13ನೆಯ ವಿಧಿಯೂ ಸಂಚಾರಸ್ವಾತಂತ್ರ್ಯವನ್ನು ಹೇಳುತ್ತದೆ. ಇವು ಬರಿಯ ಔದಾರ್ಯದ ಮಾತುಗಳಲ್ಲ, ಸಮಾಜದ ಸ್ಥಿತಿಗೆ ಒಪ್ಪುವ ಮಾತುಗಳು. 2011ರ ಜನಗಣತಿಯ ಪ್ರಕಾರ ಸುಮಾರು 45 ಕೋಟಿ ಭಾರತೀಯರು, ಅಂದರೆ ನೂರಕ್ಕೆ 37 ಮಂದಿ, ಹಿಂದೆ ವಾಸವಿದ್ದ ಸ್ಥಳವನ್ನು ಬಿಟ್ಟು ಬೇರೆಡೆ ನೆಲಸಿದವರು. ಅವರಲ್ಲಿ ಮದುವೆಯಾಗಿ ಗಂಡನ ಊರಿಗೆ ಬಂದ ಹೆಂಗಸರೇ ಅತಿ ಹೆಚ್ಚು. ತಲೆಮಾರುಗಳಿಂದ ಇದೇ ಊರಿನವರು ಎಂದು ಅಭಿಮಾನದಿಂದ ಹೇಳಿಕೊಳ್ಳುವ ಮನೆತನದಲ್ಲಿಯೂ ತಾಯಂದಿರೆಲ್ಲ ಬೇರೆ ಬೇರೆ ಊರುಗಳಿಂದ ಬಂದವರು. ನಮ್ಮ ಹಳ್ಳಿಯೂ ಬಿರಡೆ ಹಾಕಿದ ಸೀಸೆಯ ನೀರಿನಂತೆಯೇ: ಮಟ್ಟ ನಿಂತಿದೆ, ಒಳಗೆ ಪ್ರವಾಹವಿದೆ.

ಚಿತ್ರದಲ್ಲಿ, ಶಿಲ್ಪದಲ್ಲಿ

ಕಲೆಯ ಕಥೆ ಒಂದು ಕುದುರೆಯಿಂದ ಆರಂಭವಾಗುತ್ತದೆ. ಫ್ರೆಂಚ್ ಚಿತ್ರಕಾರ ಜೆರಿಕೊ 1821ರಲ್ಲಿ ಎಪ್ಸಮ್ಮಿನ ಕುದುರೆಯ ಪಂದ್ಯವನ್ನು ಚಿತ್ರಿಸಿದ. ಅದರಲ್ಲಿ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ನೆಲವನ್ನು ಮುಟ್ಟದೆ ಹಾರುತ್ತಿವೆ. 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯದಲ್ಲಿ ಓಟದ ದಾರಿಯ ಪಕ್ಕಕ್ಕೆ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿಟ್ಟು ಓಡುವ ಕುದುರೆಯ ಚಿತ್ರಗಳನ್ನು ತೆಗೆದ. ನಾಲ್ಕು ಗೊರಸುಗಳೂ ನೆಲ ಬಿಡುವ ಕ್ಷಣ ನಿಜವಾಗಿಯೂ ಇತ್ತು. ಆದರೆ ಅದು ಕಾಲು ಚಾಚಿದಾಗ ಅಲ್ಲ, ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮುದುಡಿದಾಗ! ನಾಲ್ಕು ವರ್ಷಗಳ ಬಳಿಕ ಪ್ಯಾರಿಸಿನ ಶರೀರವಿಜ್ಞಾನಿ ಮಾರೆ, ಬಂದೂಕಿನ ಆಕಾರದ ಕ್ಯಾಮರಾ ಮಾಡಿ ಸೆಕೆಂಡಿಗೆ ಹನ್ನೆರಡರಂತೆ ಹಾರುವ ಹಕ್ಕಿಯ ಚಿತ್ರಗಳನ್ನು ಹಿಡಿದ.

ಹಾಗಾದರೆ ಜೆರಿಕೊ ಸುಳ್ಳು ಬರೆದನೆ? ಶಿಲ್ಪಿ ರೊಡೇನ್ ಅಲ್ಲವೆಂದ. ನಿಜವಾದ ಕಾಲ ಎಲ್ಲಿಯೂ ನಿಲ್ಲುವುದಿಲ್ಲವಾದುದರಿಂದ, ಕಾಲವನ್ನು ನಿಲ್ಲಿಸಿ ತೋರಿಸುವ ಛಾಯಾಚಿತ್ರವೇ ಸುಳ್ಳು ಎಂಬುದು ಅವನ ವಾದ. ಅವನ ‘ಸಂತ ಯೋಹಾನ’ ಶಿಲ್ಪದಲ್ಲಿ ನಡೆಯುತ್ತಿರುವ ವ್ಯಕ್ತಿಯ ಎರಡು ಪಾದಗಳೂ ನೆಲದ ಮೇಲೆ ಊರಿವೆ. ಯಾವ ಛಾಯಾಚಿತ್ರವೂ ನಡಿಗೆಯನ್ನು ಹಾಗೆ ತೋರಿಸದು. ಆದರೂ ನೋಡುವವನ ಕಣ್ಣು ಹಿಂದಿನ ಪಾದದಿಂದ ಮುಂದಿನ ಪಾದಕ್ಕೆ ಸಾಗುವಾಗ ಶಿಲ್ಪ ನಡೆಯುತ್ತದೆ.

ಭೌತವಿಜ್ಞಾನದ ಅಧ್ಯಾಪಕರಾಗಿ ನಮಗೆ ಈ ಜಗಳದಲ್ಲಿ ಹಳೆಯ ಒಂದು ಸಮಸ್ಯೆ ಕಾಣುತ್ತದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಜೀನೋ, ಹಾರುವ ಬಾಣ ಪ್ರತಿಯೊಂದು ಕ್ಷಣದಲ್ಲಿಯೂ ತನ್ನಷ್ಟೇ ಜಾಗದಲ್ಲಿ ಇರುವುದರಿಂದ ಅದು ಯಾವ ಕ್ಷಣದಲ್ಲಿಯೂ ಚಲಿಸದು, ಆದುದರಿಂದ ಎಂದೂ ಚಲಿಸದು ಎಂದು ವಾದಿಸಿದ. ಹಾರುವ ಬಾಣದ ಅತಿ ಕ್ಷಿಪ್ರ ಛಾಯಾಚಿತ್ರವನ್ನೂ ತೂಗುಬಿಟ್ಟ ಬಾಣದ ಛಾಯಾಚಿತ್ರವನ್ನೂ ಪಕ್ಕಪಕ್ಕಕ್ಕೆ ಇಟ್ಟರೆ ಎರಡಕ್ಕೂ ಭೇದ ತಿಳಿಯದು ಎಂಬುದು ನಿಜ. ಆದರೆ ಯಂತ್ರಶಾಸ್ತ್ರದಲ್ಲಿ ವಸ್ತುವಿನ ಸ್ಥಿತಿಯೆಂದರೆ ಅದಿರುವ ಜಾಗ ಮಾತ್ರವಲ್ಲ; ಜಾಗ ಮತ್ತು ವೇಗ ಎರಡೂ ಕೂಡಿ ಸ್ಥಿತಿ. ವೇಗವು ಒಂದು ಕ್ಷಣದ ಒಳಗೆ ಅಡಗಿಕೊಂಡ ವಸ್ತುವಲ್ಲ, ಆ ಕ್ಷಣಕ್ಕೂ ಅದರ ನೆರೆಯ ಕ್ಷಣಗಳಿಗೂ ಇರುವ ಸಂಬಂಧ. ಒಂದು ನಿಲುಚಿತ್ರದಲ್ಲಿ ಕಾಣದಿರುವುದು ಆ ಸಂಬಂಧವೇ. 1895ರಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸಿನಲ್ಲಿ ಚಲಚ್ಚಿತ್ರವನ್ನು ಸಾರ್ವಜನಿಕರಿಗೆ ತೋರಿಸಿದರು. ಫ್ರಾನ್ಸಿನ ತತ್ತ್ವಜ್ಞಾನಿ ಬರ್ಗ್‌ಸನ್ 1907ರ ತನ್ನ ಗ್ರಂಥದಲ್ಲಿ ಅದನ್ನೇ ಉದಾಹರಣೆಯಾಗಿಟ್ಟುಕೊಂಡು, ನಮ್ಮ ಬುದ್ಧಿಯೂ ಹೀಗೆಯೇ ಹರಿಯುವುದನ್ನು ನಿಲುಚಿತ್ರಗಳಾಗಿ ಕತ್ತರಿಸಿ ಮತ್ತೆ ಪೋಣಿಸುತ್ತದೆಂದು ಹೇಳಿದ. ಪರದೆಯ ಮೇಲಿನ ಯಾವ ಚಿತ್ರದಲ್ಲಿಯೂ ಚಲನೆಯಿಲ್ಲ. ಚಲನೆ ಇರುವುದು ಸುರುಳಿಯನ್ನು ಓಡಿಸುವ ಯಂತ್ರದಲ್ಲಿ.

ಚಿತ್ರಕಾರರು ಕೈಕಟ್ಟಿ ಕೂಡಲಿಲ್ಲ. 1912ರಲ್ಲಿ ಡೂಶಾಂಪ್ ಮಾರೆಯ ಚಿತ್ರಗಳಿಂದ ಪ್ರೇರಿತನಾಗಿ, ಮೆಟ್ಟಿಲಿಳಿಯುವ ಒಂದೇ ಆಕೃತಿಯ ಅನೇಕ ಭಂಗಿಗಳನ್ನು ಒಂದರ ಮೇಲೊಂದು ಬರೆದ. ಅದೇ ವರ್ಷ ಇಟಲಿಯ ಬಾಲ್ಲಾ, ಒಡತಿಯ ಜೊತೆ ಓಡುವ ನಾಯಿಗೆ ಲೆಕ್ಕವಿಲ್ಲದಷ್ಟು ಕಾಲುಗಳನ್ನು ಬಿಡಿಸಿದ. ಇವನ್ನು ನೋಡುವಾಗ ನಮಗೆ ಬಾದಾಮಿಯ ಮೊದಲನೆಯ ಗುಹೆಯ ನಟರಾಜನ ನೆನಪಾಗುತ್ತದೆ. ಆರನೆಯ ಶತಮಾನದ ಆ ಶಿಲ್ಪದಲ್ಲಿ ಹದಿನೆಂಟು ಕೈಗಳು ಬೀಸಣಿಗೆಯಂತೆ ಹರಡಿವೆ. ಒಂದೇ ಕೈಯ ಕ್ರಮಚಲನೆಯನ್ನು ತೋರಿಸುವುದು ಆ ಶಿಲ್ಪಿಯ ಉದ್ದೇಶವಾಗಿತ್ತೆಂದು ನಾವು ಹೇಳುವುದಿಲ್ಲ. ಅನೇಕ ಕೈಗಳಿಗೆ ಅಲ್ಲಿ ದೈವತ್ವದ ಅರ್ಥವಿದೆ. ಆದರೆ ಮರಳುಗಲ್ಲಿನ ಎದುರು ನಿಂತವನ ಕಣ್ಣು ಒಂದು ಕೈಯಿಂದ ಇನ್ನೊಂದಕ್ಕೆ ಜಾರುತ್ತ ಹೋಗಿ ನೃತ್ಯವನ್ನು ತಾನೇ ಮುಗಿಸಿಕೊಳ್ಳುತ್ತದೆ. ಕಲ್ಲು ಚಲಿಸದೆ ಚಲನೆಯನ್ನು ಕಾಣಿಸುವ ಉಪಾಯ ರೊಡೇನನಿಗೆ ಮಾತ್ರ ತಿಳಿದದ್ದಲ್ಲ.

ಅನ್ವಯದ ಮಿತಿ

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಒಂದು ಮಾತನ್ನೂ ಹೇಳಬೇಕು. ಬಾಲ್ಲಾ ಸೇರಿದ್ದ ಪಂಥಕ್ಕೆ ‘ಫ್ಯೂಚರಿಸಂ’ ಎಂದು ಹೆಸರು. ಅದರ ಪ್ರವರ್ತಕ ಮಾರಿನೆಟ್ಟಿ 1909ರ ಫೆಬ್ರವರಿಯಲ್ಲಿ ಪ್ಯಾರಿಸಿನ ಪತ್ರಿಕೆಯೊಂದರಲ್ಲಿ ಘೋಷಣಾಪತ್ರವನ್ನು ಪ್ರಕಟಿಸಿ, ವೇಗವನ್ನು ಹೊಸ ಸೌಂದರ್ಯವೆಂದು ಸಾರಿದ. ಅದೇ ಉಸಿರಿನಲ್ಲಿ ಯುದ್ಧವನ್ನೂ ಕೊಂಡಾಡಿದ. ಐದು ವರ್ಷಗಳಲ್ಲಿ ಯುದ್ಧ ಬಂದಿತು. ಆ ಪಂಥದ ಶ್ರೇಷ್ಠ ಶಿಲ್ಪಿ ಬೊಚ್ಚೋನಿ, ಮುನ್ನುಗ್ಗುವ ಮನುಷ್ಯಾಕೃತಿಯನ್ನು ಕಡೆದವನು, 1916ರಲ್ಲಿ ಸೈನಿಕ ಶಿಕ್ಷಣದ ಸಮಯ ಕುದುರೆಯಿಂದ ಬಿದ್ದು ಸತ್ತ. ವಾಸ್ತುಶಿಲ್ಪಿ ಸಾಂತ್ ಏಲಿಯ ಅದೇ ವರ್ಷ ರಣರಂಗದಲ್ಲಿ ಮಡಿದ. ಮಾರಿನೆಟ್ಟಿ ಬದುಕುಳಿದು ಮುಸೊಲೀನಿಯನ್ನು ಬೆಂಬಲಿಸಿದ.

ಇವರ ತಪ್ಪು ಎಲ್ಲಿ? ಚಲನೆ ಸಹಜವೆಂಬುದರಿಂದ ಚಲನೆ ಒಳ್ಳೆಯದೆಂಬ ತೀರ್ಮಾನಕ್ಕೆ ಹಾರಿದ್ದರಲ್ಲಿ. ನ್ಯೂಟನ್ನನ ನಿಯಮ ಚಲನೆಯನ್ನು ಹೊಗಳುವುದಿಲ್ಲ. ನಿಶ್ಚಲತೆಗೂ ಚಲನೆಗೂ ಸಮಾನವಾದ ಆಸನ ಕೊಡುತ್ತದೆ, ಬದಲಾವಣೆಗೆ ಮಾತ್ರ ಬಲದ ಲೆಕ್ಕ ಕೇಳುತ್ತದೆ. ಸಮಾಜಕ್ಕೂ ಈ ವಿವೇಕ ಬೇಕು. 2024ರ ಕೊನೆಯ ವೇಳೆಗೆ ಯುದ್ಧ, ಹಿಂಸೆ, ಕಿರುಕುಳಗಳಿಂದ ಮನೆಮಾರು ಬಿಡಬೇಕಾಗಿ ಬಂದವರು ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಎಣಿಸಿತು. ಇವರ ಎದುರು ನಿಂತು ಜಂಗಮದ ಮಹಿಮೆಯನ್ನು ಹೇಳುವುದು ಕ್ರೌರ್ಯ. ಹಡಗಿನ ಕೋಣೆಯಲ್ಲಿ ಕುಳಿತವನಿಗೆ ಏಕರೂಪದ ಚಲನೆ ತಿಳಿಯದು, ಆದರೆ ಹಡಗು ಥಟ್ಟನೆ ತಿರುಗಿದಾಗ ಎಳೆತ ತಿಳಿಯುತ್ತದೆ. ಹಾಗೆಯೇ ತಾನಾಗಿ ಹೊರಟವನೂ ತಳ್ಳಲ್ಪಟ್ಟವನೂ ನಕ್ಷೆಯ ಮೇಲೆ ಒಂದೇ ಗೆರೆ ಎಳೆದಿರಬಹುದು. ಬಲವನ್ನು ಅನುಭವಿಸಿದವನು ಯಾರೆಂದು ನಕ್ಷೆ ಹೇಳದು, ಅವನನ್ನೇ ಕೇಳಬೇಕು. ಇದು ಹೋಲಿಕೆ ಮಾತ್ರ, ಸಿದ್ಧಾಂತವಲ್ಲ. ಗೋಲಿಗೆ ಮನಸ್ಸಿಲ್ಲ, ಮನುಷ್ಯನಿಗೆ ಉಂಟು ಎಂಬುದನ್ನು ಮರೆತ ದಿನ ಹೋಲಿಕೆ ಮುರಿಯುತ್ತದೆ.

ಪಾಠದ ಕೊನೆಯಲ್ಲಿ ಅಭ್ಯಾಸಗಳನ್ನು ಕೊಡುವುದು ನಮ್ಮ ವೃತ್ತಿಧರ್ಮ. ಓದುಗರು ಮೂರನ್ನು ಮಾಡಿ ನೋಡಬಹುದು. ಒಂದು: ಮೇಜಿನ ಮೇಲಿನ ಪುಸ್ತಕವನ್ನು ಮತ್ತೆ ನೋಡಿ, ಅದು ಅಲ್ಲಿಯೇ ಇರುವುದಕ್ಕೆ ಕಾರಣವನ್ನು ಬರೆಯಿರಿ. ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತಿದೆ, ಮೇಜು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿದೆ. ಒಂದನ್ನು ತೆಗೆದರೆ ಪುಸ್ತಕ ನಿಲ್ಲದು. ಎರಡು: ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ಹೊರಟದ್ದು ನಿಮ್ಮ ರೈಲೋ ಪಕ್ಕದ್ದೋ ಎಂಬ ಭ್ರಮೆಯಾದರೆ, ಅದನ್ನು ಕೂಡಲೇ ತಿದ್ದಿಕೊಳ್ಳದೆ ಒಂದು ಗಳಿಗೆ ಗೆಲಿಲಿಯೊವನ್ನು ನೆನೆಯಿರಿ. ಮೂರು: ನಿಮ್ಮ ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜಿಯರು ಹುಟ್ಟಿದ ಊರುಗಳನ್ನು ಮನೆಯ ಹಿರಿಯರಿಂದ ಕೇಳಿ ಒಂದು ಕಾಗದದ ಮೇಲೆ ಬರೆಯಿರಿ. ಪ್ರತಿಯೊಂದು ಹೆಸರಿನ ಮುಂದೆ, ಅವರು ಅಲ್ಲಿಂದ ಏಕೆ ಹೊರಟರು, ತಾವಾಗಿ ಹೊರಟರೋ ಹೊರಡಬೇಕಾಯಿತೋ ಎಂಬುದನ್ನೂ ಗುರುತಿಸಿ. ಮೊದಲ ಎರಡಕ್ಕಿಂತ ಮೂರನೆಯದು ಕಷ್ಟ. ಹಿರಿಯರು ಇನ್ನೂ ಇರುವಾಗಲೇ ಅದನ್ನು ಮಾಡಿ ಮುಗಿಸುವುದು ಒಳ್ಳೆಯದು.